ಆಸ್ತಮಾ ಮನಸ್ಸಿನ ಕಾಯಿಲೆಯೇ? ಮಾರ್ಸೆಲ್ ಪ್ರೂಸ್ಟ್ ಬದುಕು ಹೇಳುವ ಕಥೆ

ಆಸ್ತಮಾ ಬರೀ ಟೆನ್ಷನ್‌ನಿಂದ ಬರುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ನೂರು ವರ್ಷಗಳ ಹಿಂದೆ ಪ್ಯಾರಿಸ್‌ನ ದೊಡ್ಡ ವೈದ್ಯರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು. ಅದರ ಕಷ್ಟ ಉಂಡವರಲ್ಲಿ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಒಬ್ಬರು.

ಪ್ರೂಸ್ಟ್ ಹುಟ್ಟಿದ್ದು 1871ರಲ್ಲಿ. ತಂದೆ ಆಡ್ರಿಯಾನ್, ಕಾಲರಾ ತಡೆಯುವ ಕೆಲಸದಲ್ಲಿ ಹೆಸರಾದ ವೈದ್ಯರು. ಮಗನಿಗೆ 9 ವರ್ಷವಿದ್ದಾಗ, 1881ರ ವಸಂತದಲ್ಲಿ, ಊರಂಚಿನ ದೊಡ್ಡ ಉದ್ಯಾನದಲ್ಲಿ ಅಡ್ಡಾಡಿ ಬಂದ ಮೇಲೆ ಉಸಿರುಗಟ್ಟಿ ಒದ್ದಾಡಿದ. ಅಲ್ಲಿಂದ ಮುಂದೆ ಹೂ ಬಿಡುವ ಕಾಲ ಬಂತೆಂದರೆ ಅವರಿಗೆ ಭಯ.

ಆಗ ಆಸ್ತಮಾವನ್ನು ನರದೌರ್ಬಲ್ಯ ಎಂದೇ ಎಣಿಸುತ್ತಿದ್ದರು. 1905ರಲ್ಲಿ ತಾಯಿ ತೀರಿಕೊಂಡ ಮೇಲೆ ಪ್ರೂಸ್ಟ್ ನರರೋಗಗಳ ಚಿಕಿತ್ಸಾಲಯವೊಂದಕ್ಕೂ ಸೇರಿದರು. ಉಬ್ಬಸ ಹೋಗಲಿಲ್ಲ.

ಹಾಗಾದರೆ ಒಳಗೆ ಆಗುವುದೇನು? ನಮ್ಮ ಶ್ವಾಸನಾಳದ ಒಳಗೋಡೆ ಒತ್ತೊತ್ತಾಗಿ ಜೋಡಿಸಿದ ಜೀವಕೋಶಗಳ ಪದರ. ಇಟ್ಟಿಗೆಗಳ ನಡುವಿನ ಗಾರೆಯಂತೆ, ಕೆಲವು ಪ್ರೋಟೀನ್‌ಗಳು ಈ ಕೋಶಗಳನ್ನು ಹಿಡಿದಿಡುತ್ತವೆ. ಹಾಸಿಗೆ, ದಿಂಬಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳಿನ ನುಸಿಯ ಹಿಕ್ಕೆಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ. ಅದು ಈ ಗಾರೆಯನ್ನೇ ಕತ್ತರಿಸುತ್ತದೆ. ಕೆಲವು ಪರಾಗಗಳಲ್ಲೂ ಇಂಥ ಕಿಣ್ವಗಳಿವೆ. ಸಂದು ಬಿಟ್ಟ ಜಾಗದಿಂದ ಅಲರ್ಜಿ ಕಣಗಳು ಒಳಗೆ ನುಗ್ಗುತ್ತವೆ. ಪೆಟ್ಟು ತಿಂದ ಕೋಶಗಳು ಅಪಾಯದ ಸಂದೇಶ ಕಳಿಸುತ್ತವೆ. ರೋಗನಿರೋಧಕ ವ್ಯವಸ್ಥೆ ಕೆರಳಿ, ನಾಳ ಊದಿಕೊಂಡು, ಕಫ ತುಂಬಿ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಊತದಿಂದ ಗೋಡೆ ಇನ್ನಷ್ಟು ದುರ್ಬಲವಾಗುತ್ತದೆ. ಟೆನ್ಷನ್ ಇದನ್ನು ಹೆಚ್ಚಿಸಬಹುದು ನಿಜ, ಆದರೆ ರೋಗ ಇರುವುದು ಶ್ವಾಸನಾಳದಲ್ಲಿ.

ಇದು ಗೊತ್ತಿಲ್ಲದ ಕಾಲದಲ್ಲಿ ಪ್ರೂಸ್ಟ್ ತಮಗೆ ತೋಚಿದ್ದನ್ನು ಮಾಡಿದರು. ಹಗಲು ಮಲಗಿ ರಾತ್ರಿ ಬರೆದರು. ಓಸ್ಮಾನ್ ಬುಲೆವಾರ್ಡ್‌ನ ಮನೆಯಲ್ಲಿ ಕಿಟಕಿ ಮುಚ್ಚಿ, ಸದ್ದು ಕೇಳದಂತೆ ಗೋಡೆಗೆ ಕಾರ್ಕ್ ಹೊಡೆಸಿದರು. ಅದೇ ಕೋಣೆಯಲ್ಲಿ ಆಸ್ತಮಾ ಪುಡಿ ಸುಟ್ಟು ಹೊಗೆ ಎಳೆದುಕೊಳ್ಳುತ್ತಿದ್ದರು. ಅಂದಿನ ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ದತ್ತೂರ ಜಾತಿಯ ಗಿಡ. ಅದರ ಹೊಗೆ ಬಿಗಿದ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಆದರೆ ಊತ ಇಳಿಸುವುದಿಲ್ಲ. ಯಾವ ಹೊಗೆಯಾದರೂ ಶ್ವಾಸನಾಳಕ್ಕೆ ಕಿರಿಕಿರಿಯೇ. ದತ್ತೂರ ವಿಷವೂ ಹೌದು, ಯಾರೂ ಪ್ರಯೋಗ ಮಾಡಬೇಡಿ.

ಆ ಕೋಣೆಯಲ್ಲೇ ಅವರ ಏಳು ಭಾಗಗಳ ಮಹಾಕಾದಂಬರಿಯ ಬಹುಪಾಲು ಹುಟ್ಟಿತು. 1919ರಲ್ಲಿ ಅದರ ಎರಡನೇ ಭಾಗಕ್ಕೆ ಗೊಂಕೂರ್ ಪ್ರಶಸ್ತಿ ಬಂತು. 1922ರ ನವೆಂಬರ್ 18ರಂದು, 51ನೇ ವಯಸ್ಸಿಗೆ, ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಕೊನೆಯ ಮೂರು ಭಾಗಗಳು ಅಚ್ಚಾಗಿದ್ದನ್ನು ಅವರು ನೋಡಲಿಲ್ಲ.

ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಬಂದದ್ದು 1970ರ ದಶಕದಲ್ಲಿ. ಪ್ರೂಸ್ಟ್‌ಗೆ ಅದು ಸಿಗಲಿಲ್ಲ, ನಮಗೆ ಸಿಗುತ್ತದೆ. ಉಸಿರಾಟ ಸರಿಯಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಮನೆಯಲ್ಲಿ ಉಬ್ಬಸ ಇರುವವರಿಗೆ ಧೈರ್ಯ ತಂದುಕೋ ಎನ್ನುವ ಬದಲು, ಇನ್ಹೇಲರ್ ತಗೊಂಡೆಯಾ ಎಂದು ಕೇಳಿ.