ಬೀಳಗಿಯ ಅಮೀರಬಾಯಿ: ರಾಜ್ಯ ಹುಟ್ಟೂ ಮೊದಲೇ ‘ಕರ್ನಾಟಕಿ’ ಆದಾಕೆ

ಬನಶಂಕರಿ ಜಾತ್ರಿ ಬಂತಂದ್ರ ಬಾದಾಮಿ ಸುತ್ತಲಿನ ಹಳ್ಳಿಗಳು ನಿದ್ದಿ ಮಾಡೂದಿಲ್ಲ. ಒಂದರ ಮಗ್ಗಲಕ್ಕ ಒಂದು ನಾಟಕ ಕಂಪನಿಯ ಥೇಟರು ಏಳುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನಿಂದ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ರಾತ್ರಿ ನಟಿಗೆ ಸೀಟಿ, ಚಪ್ಪಾಳೆ, ಒನ್ಸ್‌ಮೋರ್. ಬೆಳಗಾದ ಮೇಲೆ ಅದೇ ಹೆಣ್ಣುಮಗಳು ಚಹಾದಂಗಡಿ ಮುಂದೆ ನಿಂತರೆ ನಮ್ಮ ಮಂದಿಯ ಮಾತೇ ಬ್ಯಾರೆ.

ಈ ಎರಡು ನಾಲಿಗೆಯ ನಡುವೆ ಬಾಳಿ, ದೇಶಕ್ಕೆಲ್ಲ ಹೆಸರಾದ ಒಬ್ಬಾಕೆ ನಮ್ಮ ಜಿಲ್ಲೆಯವರೇ. ಅಮೀರಬಾಯಿ ಕರ್ನಾಟಕಿ. ಊರು ಬೀಳಗಿ. ಅವರ ಹೆಸರು ಹೇಳಿದರ ಇಂದಿನ ಕಾಲೇಜು ಹುಡುಗರು ಮಾರಿ ಮಾರಿ ನೋಡ್ತಾರ. ಅದಕ್ಕೇ ಈ ವಾರದ ಅಂಕಣ ಅವರಿಗೆ.

ಮನೆಯೇ ರಂಗಶಾಲೆ

ತಂದೆ ಹುಸೇನಸಾಬ ನಾಟಕಕ್ಕೆ ತಬಲಾ ನುಡಿಸುತ್ತಿದ್ದವರು. ತಾಯಿ ಅಮೀನಾಬಿ ಹಾಡುವಾಕೆ, ಪಾತ್ರ ಮಾಡುವಾಕೆ. ಮನೆ ತುಂಬ ಹೆಣ್ಣುಮಕ್ಕಳು. ಅವರಲ್ಲಿ ಹೆಸರು ಮಾಡಿದವರು ಇಬ್ಬರು: ಗೋಹರಬಾಯಿ ಮತ್ತು ಅಮೀರಬಾಯಿ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲ ಆಗಿನ್ನೂ ಪೂರಾ ಮುಗಿದಿರಲಿಲ್ಲ. ಅಂಥಾದ್ದರಾಗ ಈ ಅಕ್ಕ ತಂಗಿ ಬಣ್ಣ ಹಚ್ಚಿದರು. ಅಮೀರಬಾಯಿ ಮೆಟ್ರಿಕ್ ತನಕ ಓದಿದ್ದರು ಎಂಬುದನ್ನೂ ಮರೆಯಬಾರದು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆಗ ನಾವು ವಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ. ನಮ್ಮವರಿಗೆ ಬೆಂಗಳೂರಿಗಿಂತ ಮುಂಬಯಿ ಸಮೀಪ. ಕಲಾವಿದರ ದಾರಿಯೂ ಅದೇ. ಹದಿನೈದರ ಹರೆಯದಲ್ಲಿ ಅಮೀರಬಾಯಿ ಮುಂಬಯಿ ಸೇರಿದರು. ಎಚ್.ಎಂ.ವಿ. ಕಂಪನಿಯ ಪ್ರತಿನಿಧಿಯೊಬ್ಬರು ಅವರ ದನಿಗೆ ಮರುಳಾಗಿ ಒಂದು ಕವ್ವಾಲಿ ಹಾಡಿಸಿದರು. ಅದು ಭರ್ಜರಿ ಓಡಿತು. 1934ರಲ್ಲಿ ಅಕ್ಕನ ನೆರವಿನಿಂದ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ಸಿಕ್ಕಿತು.

ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿದರು. ಹೆಣ್ಣಿನ ಪಾತ್ರಕ್ಕೇ ಹೆಸರಾಗಿದ್ದ ಆ ಮಹಾನಟನ ಕಂಪನಿಯಲ್ಲಿ ನಾಯಕಿಯಾಗಿ ನಿಂತವರು ನಮ್ಮ ಬೀಳಗಿಯ ಹೆಣ್ಣುಮಗಳು. 1951ರಲ್ಲಿ ಇಬ್ಬರೂ ಮದುವೆಯಾದಾಗ ಮರಾಠಿ ಮಂದಿ ಆಡಿದ ಮಾತು ಒಂದೆರಡಲ್ಲ.

‘ಕಿಸ್ಮತ್’ ತೆರೆದ ಬಾಗಿಲು

ಅಮೀರಬಾಯಿ ಹತ್ತು ವರ್ಷ ಸಣ್ಣಪುಟ್ಟ ಪಾತ್ರ, ಹಾಡು ಅಂತ ದುಡಿದರು. 1943ರಲ್ಲಿ ಬಾಂಬೆ ಟಾಕೀಜಿನ ‘ಕಿಸ್ಮತ್’ ಬಂತು. ಸಂಗೀತ ಅನಿಲ್ ಬಿಸ್ವಾಸ್, ಗೀತೆ ಕವಿ ಪ್ರದೀಪ್. ನಾಯಕಿ ಮುಮ್ತಾಜ್ ಶಾಂತಿಗೆ ದನಿ ಅಮೀರಬಾಯಿ. ಕಲಕತ್ತೆಯ ರಾಕ್ಸಿ ಥೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಪರಕೀಯರನ್ನು ದೂರ ಸರಿಯಿರಿ ಎನ್ನುವ ಅದರ ದೇಶಭಕ್ತಿ ಗೀತೆಯಲ್ಲೂ ಅವರ ದನಿ ಇದೆ. ‘ಚಲೇಜಾವ್’ ಚಳವಳಿ ಶುರುವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಮುಂದೆ 1944ರಲ್ಲಿ ನೌಷಾದರ ‘ರತನ್’. ಗುಜರಾತಿಯ ‘ರಾಣಕದೇವಿ’ಗೂ ಹಾಡಿ ಆ ನಾಡಿನ ಮನೆಮಾತಾದರು. ಗಾಂಧೀಜಿಗೆ ಪ್ರಿಯವಾದ ನರಸೀ ಮೆಹತಾ ಭಜನೆಯನ್ನೂ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಕೂಡುವುದು ಅಪರೂಪವಾಗಿದ್ದ ದಿನ ಅವು.

ಹೊರಗ ಹೊಗಳಿಕೆ, ಒಳಗ ಪೆಟ್ಟು

ಹೊರಗೆ ಇಷ್ಟೆಲ್ಲ ಇದ್ದರೂ ಮನೆಯಾಗ ಸುಖ ಇರಲಿಲ್ಲ. ಖಳಪಾತ್ರಕ್ಕೆ ಹೆಸರಾದ ನಟ ಹಿಮಾಲಯವಾಲಾ ಅವರನ್ನು ಮದುವೆಯಾಗಿದ್ದರು. ಗಂಡ ತೆರೆಯ ಮೇಲಿನ ಖಳತನವನ್ನು ಮನೆಗೂ ತಂದ. ದೇಶವೇ ತಲೆದೂಗಿದ ಹಾಡುಗಾತಿ ಮನೆಯಲ್ಲಿ ಪೆಟ್ಟು ತಿಂದರು. ದೇಶ ಒಡೆದ ಮೇಲೆ ಆತ ಪಾಕಿಸ್ತಾನಕ್ಕೆ ಹೋದ. ಅಮೀರಬಾಯಿ ಇಲ್ಲೇ ಉಳಿದರು. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಕೈಹಿಡಿದರು. ಆ ಬಾಳುವೆ ನೆಮ್ಮದಿ ಕೊಟ್ಟಿತು.

ಆದರೆ ಕಾಲ ಹೊರಳಿತ್ತು. 1949ರ ಹೊತ್ತಿಗೆ ಲತಾ ಮಂಗೇಶ್ಕರರ ತೆಳುದನಿ ಎಲ್ಲರನ್ನೂ ಹಿಡಿಯಿತು. ಬೈಠಕ್ಕಿನ ಗಟ್ಟಿ ಕಂಠಗಳಿಗೆ ಕರೆ ಕಡಿಮೆಯಾದವು. 1950ರ ‘ಸಮಾಧಿ’ಯಲ್ಲಿ ಲತಾ ಮತ್ತು ಅಮೀರಬಾಯಿ ಜೋಡಿಯಾಗಿ ಹಾಡಿದ್ದುಂಟು. ಒಬ್ಬರು ಏರುವ ಹಾದಿ, ಇನ್ನೊಬ್ಬರು ಇಳಿಯುವ ಹಾದಿ.

ಅಮೀರಬಾಯಿ ಅಳುತ್ತ ಕೂಡಲಿಲ್ಲ. ಹಾಡು ಹೋದರ ಹೋತು, ನಟನೆ ಐತಲ್ಲ ಅಂತ ಪೋಷಕ ಪಾತ್ರಗಳಿಗೆ ತಿರುಗಿದರು. ನಾಯಕಿಗೆ ದನಿ ಕೊಟ್ಟಾಕೆ ನಾಯಕಿಯ ಹಿಂದೆ ನಿಲ್ಲಲು ನಾಚಲಿಲ್ಲ. ದುಡಿದುಣ್ಣುವ ಕಲಾವಿದರ ಛಲ ಅದು.

1965ರಲ್ಲಿ ಲಕ್ವಾ ಹೊಡೆಯಿತು. ನಾಲ್ಕು ದಿನದಲ್ಲಿ, ಮಾರ್ಚ್ 3ರಂದು, ತೀರಿಕೊಂಡರು. ಅಕ್ಕ ಗೋಹರಬಾಯಿ ಹಿಂದಿನ ವರ್ಷವೇ ಹೋಗಿದ್ದರು. ಅಮೀರಬಾಯಿಯ ಮಣ್ಣು ಆದದ್ದು ವಿಜಾಪುರದಲ್ಲಿ. ಆ ಊರಿನ ಅಮೀರ ಟಾಕೀಜು ಅವರ ಮನೆತನದ್ದೇ.

ನಾವೇನು ಮಾಡಬೇಕು?

ಒಂದು ಮಾತು ಗಮನಿಸಿರಿ. ಕನ್ನಡ ನಾಡು ಒಂದಾದದ್ದು 1956ರಲ್ಲಿ, ಅದಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರಲ್ಲಿ. ಆದರೆ ಬೀಳಗಿಯ ಈ ಅಕ್ಕ ತಂಗಿ ಅದಕ್ಕೂ ದಶಕಗಳ ಮೊದಲೇ ಮುಂಬಯಿಯ ಪೋಸ್ಟರಿನ ಮೇಲೆ, ಗ್ರಾಮಫೋನ್ ತಟ್ಟೆಯ ಮೇಲೆ ‘ಕರ್ನಾಟಕಿ’ ಎಂದು ಅಚ್ಚು ಹಾಕಿಸಿದ್ದರು. ಅದಕ್ಕಾಗಿ ಯಾವ ಸರಕಾರವೂ ಅವರಿಗೆ ಸಂಬಳ ಕೊಟ್ಟಿರಲಿಲ್ಲ.

ರಹಮತ್ ತರೀಕೆರೆಯವರು ಅಮೀರಬಾಯಿ ಕುರಿತು ಕನ್ನಡದಲ್ಲಿ ಪುಸ್ತಕ ಬರೆದು ದೊಡ್ಡ ಉಪಕಾರ ಮಾಡಿದ್ದಾರೆ. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ ಹೆಸರಿನಲ್ಲಿ ವಿಜಾಪುರದಲ್ಲಿ ರಂಗಮಂದಿರವೇ ಇದೆ. ನಾಟಕ ಬರೆದವರನ್ನು ನೆನೆದ ನಾವು ಬಣ್ಣ ಹಚ್ಚಿದ ಹೆಣ್ಣುಮಕ್ಕಳನ್ನೂ ನೆನೆಯಬೇಕಲ್ಲ? ಮುಂದಿನ ಬನಶಂಕರಿ ಜಾತ್ರ್ಯಾಗ ಕಂಪನಿ ಮಾಲಕರೆಲ್ಲ ಕೂಡಿ ಒಂದು ರಾತ್ರಿ ಆಟವನ್ನು ಅಮೀರಬಾಯಿ ಹೆಸರಿನಲ್ಲಿ ಆಡಲಿ. ಆ ರಾತ್ರಿಯ ಗಲ್ಲೆ ಕಂಪನಿಗಳ ಮುಪ್ಪಿನ ನಟಿಯರಿಗೆ ಹೋಗಲಿ. ಟಿಕೀಟು ತಗೊಂಡು ಮುಂದಿನ ಸಾಲಿನಾಗ ಕೂಡಾಕ ನಾವು ತಯಾರದೀವಿ. ನೀವೂ ಬರ್ರಿ.