ಬೋರ್ಡಿಂಗ್ ಶಾಲೆಯ ಹುಡುಗ ದೇವರಾಜ ಅರಸು

ಜಗಳೂರು ಎಂದರೆ ನಮ್ಮ ಹಿರಿಯ ಓದುಗರಿಗೆ ಮೊದಲು ನೆನಪಾಗುವ ಹೆಸರು ಜೆ. ಮಹಮ್ಮದ್ ಇಮಾಮ್ ಸಾಹೇಬರದ್ದು. 1957ರಲ್ಲಿ ಒಮ್ಮೆ, 1967ರಲ್ಲಿ ಮತ್ತೊಮ್ಮೆ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದು ಹೋದ ಈ ಊರಿನವರು ಅವರು. ಅವರ ಬಗ್ಗೆ ಇನ್ನೊಂದು ವಾರ ಬರೆಯೋಣ. ಇಂದು ನಾವು ಹೇಳಹೊರಟದ್ದು ಜಗಳೂರಿನವರಲ್ಲದ ಒಬ್ಬರ ಬದುಕು. ಆದರೆ ಇಲ್ಲಿನ ಕೂಲಿ ಮನೆಯ ಮಕ್ಕಳೂ ನಮ್ಮ ಕರಾವಳಿಯ ಗೇಣಿ ಒಕ್ಕಲುಗಳ ಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಿದ ಕಥೆಯಲ್ಲಿ ಅವರ ಹೆಸರು ಬರದೆ ಇರುವುದಿಲ್ಲ. ಅವರೇ ಡಿ. ದೇವರಾಜ ಅರಸು.

1915ರ ಆಗಸ್ಟ್ 20ರಂದು ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಅವರ ಜನನ. ಅರಸು ಸಮುದಾಯ ಮೈಸೂರು ರಾಜಮನೆತನಕ್ಕೆ ನೆಂಟರು, ನಿಜ. ಹಾಗಂತ ಹಳ್ಳಿಯಲ್ಲಿದ್ದ ಅರಸುಗಳ ಮನೆಯೆಲ್ಲ ಅರಮನೆಯಲ್ಲ. ಹಳ್ಳಿಯ ಈ ಹುಡುಗ ಓದಿದ್ದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಬಿಎಸ್ಸಿ ಮುಗಿಸಿದರು. ನೌಕರಿ ಹಿಡಿಯದೆ ಕಲ್ಲಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆ, ಆಮೇಲೆ ಮಂತ್ರಿಗಿರಿ, ಹೀಗೆ ರಾಜಕೀಯ ಸಾಗಿತು.

ಆ ಬೋರ್ಡಿಂಗ್ ಶಾಲೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬಡವರ ಮಗ ಕಾಲೇಜಿಗೆ ಹೋಗದೆ ಇರುವುದು ಫೀಸಿನಿಂದ ಮಾತ್ರ ಅಂತ ನಾವು ತಿಳಿದುಕೊಳ್ಳುತ್ತೇವೆ. ಫೀಸಿಗಿಂತ ದೊಡ್ಡ ಖರ್ಚು ಎರಡು ಹೊತ್ತಿನ ಊಟ, ತಲೆ ಮೇಲೆ ಒಂದು ಮಾಡು. ಅದಕ್ಕಿಂತಲೂ ದೊಡ್ಡದು, ಅವನು ದುಡಿದು ತರಬೇಕಾಗಿದ್ದ ಕೂಲಿ ಮನೆಗೆ ಬರದೆ ಹೋಗುವುದು. ಜಗಳೂರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮಳೆ ನಂಬಿದ ತಾಲೂಕು, ಬರ ಇಲ್ಲಿಯ ಖಾಯಂ ನೆಂಟ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಇದು ಚಿತ್ರದುರ್ಗಕ್ಕೆ ಸೇರಿತ್ತು. ದಾವಣಗೆರೆಯಲ್ಲಿ 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಬಂತು, 1965ರಲ್ಲಿ ಮೆಡಿಕಲ್ ಕಾಲೇಜೂ ಬಂತು. ಇಲ್ಲಿಂದ ಅಲ್ಲಿಗೆ ಐವತ್ತು ಕಿಲೋಮೀಟರ್ ಆಸುಪಾಸು. ಅದನ್ನು ದಾಟಲು ಸೀಟು ಬೇಕು, ಸೀಟು ಸಿಕ್ಕಿದರೆ ಉಳಿಯಲು ಜಾಗ ಬೇಕು.

ಸೀಟಿನ ಜಗಳ ಅರಸು ಬರುವ ಮೊದಲೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿತ್ತು. 1962ರಲ್ಲಿ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಒಟ್ಟು ಶೇ. 68 ಮೀಸಲು ಇಟ್ಟಾಗ ಸುಪ್ರೀಂ ಕೋರ್ಟ್ ಅದೇ ವರ್ಷ ಅದನ್ನು ಹೊಡೆದುಹಾಕಿತು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದ ಅರಸು, ಅದೇ ವರ್ಷ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿದರು. ಯಾವ ಸಮುದಾಯದಲ್ಲಿ ಸಾವಿರ ಜನರಿಗೆ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂಬ ಲೆಕ್ಕವನ್ನೂ ಆಯೋಗ ತೆಗೆಯಿತು. 1975ರ ನವೆಂಬರ್‌ನಲ್ಲಿ ವರದಿ ಕೈಗೆ ಬಂತು.

ಆ ವರದಿಯ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರು ಇರಲಿಲ್ಲ. ನಮ್ಮ ಮನೆಗಳಲ್ಲಿ ಈ ಸಂಗತಿ ಗೊತ್ತಿರುವವರು ಕಡಿಮೆ. 1977ರ ಫೆಬ್ರವರಿಯಲ್ಲಿ ಆದೇಶ ಹೊರಡಿಸುವಾಗ ಅರಸು ಸರ್ಕಾರ ಮುಸ್ಲಿಮರನ್ನು ಹಿಂದುಳಿದ ಸಮುದಾಯಗಳ ಗುಂಪಿಗೆ ಸೇರಿಸಿತು. ಆ ಗುಂಪಿಗೆ ಶೇ. 20 ನಿಗದಿಯಾಯಿತು. ಜಾತಿ ನೋಡದೆ ಆದಾಯ, ಕಸುಬು ನೋಡಿ ಕೊಡುವ ವಿಶೇಷ ಗುಂಪು ಎಂಬುದನ್ನೂ ಅದೇ ಆದೇಶದಲ್ಲಿ ಇಟ್ಟರು. ಓಟಿನ ಲೆಕ್ಕ ಇರಲಿಲ್ಲವೇ ಅಂದರೆ ಇತ್ತು. ಅರಸು ಸಮುದಾಯದ ಸಂಖ್ಯೆ ಬಹಳ ಸಣ್ಣದು, ಸಣ್ಣ ಸಣ್ಣ ಸಮುದಾಯಗಳನ್ನು ಕೂಡಿಸದೆ ಅವರಿಗೆ ಬಲ ಬರುವಂತಿರಲಿಲ್ಲ. ಇರಲಿ, ಲೆಕ್ಕ ಹಾಕಿದವರು ಯಾರಿದ್ದರೂ ಸೀಟು ಮಕ್ಕಳಿಗೆ ಸಿಕ್ಕಿತು.

1977ರಲ್ಲೇ ಹಿಂದುಳಿದ ವರ್ಗಗಳಿಗೆ ಬೇರೆ ಇಲಾಖೆ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಅಭಿವೃದ್ಧಿ ನಿಗಮ ಬಂದವು. ಜನರ ಬಾಯಲ್ಲಿ ಬಿಸಿಎಂ ಹಾಸ್ಟೆಲ್ ಎನ್ನುವುದು ಆ ಇಲಾಖೆಯದ್ದು. ತಾನು ಬೋರ್ಡಿಂಗಿನಲ್ಲಿ ಉಂಡು ಓದಿದವರಿಗೆ ಹಾಸ್ಟೆಲಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎಂದು ನಮಗೆ ಅನಿಸುತ್ತದೆ. ಕೆಲಸ ಸಿಗದ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಸರ್ಕಾರಿ ಕಚೇರಿಗಳಲ್ಲಿ ದುಡಿಸುವ ಯೋಜನೆಯೂ ಅವರ ಕಾಲದ್ದೇ.

ಕರಾವಳಿಯ ಕಥೆ ಬೇರೆ. ಅಲ್ಲಿ ಮಕ್ಕಳನ್ನು ಓದಿಸಿದ್ದು ಹಾಸ್ಟೆಲಿಗಿಂತ ಹೆಚ್ಚಾಗಿ ಭೂಮಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿದರೆ ಅವನ ಹೆಸರಿಗೆ ಆಗುವ ದಾರಿಯಾಯಿತು. ದಕ್ಷಿಣ ಕನ್ನಡದಲ್ಲಿ ಅಜ್ಜಂದಿರು ಡಿಕ್ಲರೇಶನ್ ಹಾಕಿದ್ದು ಅಂತ ಹೇಳ್ತಾರಲ್ಲ, ಅದು ಇದೇ. ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ ಆರಂಭಕ್ಕೆ ವಕೀಲರಿಗೆ ವಾದಿಸುವ ಅವಕಾಶ ಇರಲಿಲ್ಲ. ಧಣಿಗೆ ವಕೀಲ, ಒಕ್ಕಲಿಗೆ ಯಾರೂ ಇಲ್ಲ ಎಂಬ ಸ್ಥಿತಿ ಹಾಗೆ ತಪ್ಪಿತು. ಗೇಣಿ ಅಕ್ಕಿ ಅಳೆದು ಕೊಡುವುದು ನಿಂತಾಗ ಮನೆಯಲ್ಲಿ ಉಳಿದದ್ದರಲ್ಲಿ ಒಬ್ಬ ಮಗನನ್ನಾದರೂ ಓದಲು ಬಿಡಬಹುದಾಯಿತು. ಬ್ಯಾರಿ ಒಕ್ಕಲುಗಳೂ ಇದರಲ್ಲಿ ಇದ್ದರು. ಜಗಳೂರಿನಂಥ ಒಣಭೂಮಿಯ ಕಡೆ ಗೇಣಿ ಪದ್ಧತಿ ಕರಾವಳಿಯಷ್ಟು ಇರಲಿಲ್ಲ, ಭೂಮಿಯೇ ಇಲ್ಲದ ಕೂಲಿಗೆ ಈ ಕಾನೂನಿನಿಂದ ಹೆಚ್ಚು ಸಿಕ್ಕಿದ್ದೂ ಇಲ್ಲ. ಇಲ್ಲಿಯ ಹುಡುಗನಿಗೆ ಉಳಿದದ್ದು ಮೀಸಲು ಸೀಟು ಮತ್ತು ಹಾಸ್ಟೆಲ್ ಎರಡೇ.

ಅರಸರನ್ನು ಹೊಗಳಿಯೇ ಮುಗಿಸುವಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಧಿಕಾರದಲ್ಲಿ ಇದ್ದವರು ಅವರೇ. ಭ್ರಷ್ಟಾಚಾರದ ಆರೋಪ ಬಂದು 1977ರಲ್ಲಿ ಕೇಂದ್ರ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದರು, 1980ರ ಜನವರಿಯಲ್ಲಿ ಕುರ್ಚಿ ಹೋಯಿತು. 1982ರ ಜೂನ್ 6ರಂದು ತೀರಿಹೋದರು.

ಅವರು ಹಾಕಿದ ಪಟ್ಟಿ ಆಮೇಲೆ ಹಲವು ಸಲ ಬದಲಾಯಿತು. 1995ರ ಹೊತ್ತಿಗೆ ಮುಸ್ಲಿಮರಿಗೆ 2ಬಿ ಎಂಬ ಪ್ರತ್ಯೇಕ ಪ್ರವರ್ಗ, ಶೇ. 4 ಬಂತು. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ ಅದನ್ನು ತೆಗೆಯುವ ತೀರ್ಮಾನ ಮಾಡಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ತೀರ್ಮಾನ ಜಾರಿಗೆ ಬರಲಿಲ್ಲ. ಪಿಯುಸಿ ಮುಗಿಸಿದ ಮಕ್ಕಳು ಸಿಇಟಿ ಸಮಯದಲ್ಲಿ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ಆ ಪ್ರವರ್ಗದ ಜಾತಿ-ಆದಾಯ ಪ್ರಮಾಣಪತ್ರಕ್ಕೇ.