ಗ್ಯಾರಿ ಕಿಲ್ಡಾಲ್: ಮಷಿನ್ ಬದಲಾದರೂ ಕೋಡ್ ಉಳಿಸಿದವರು

8051ಗೆ ಬರೆದ ಪ್ರಾಜೆಕ್ಟನ್ನ ಎಸ್‌ಟಿಎಂ32ಗೆ ಹಾಕು ಅಂದ್ರೆ ನಮಗೆಲ್ಲ ತಲೆನೋವು. ಇದಕ್ಕೆ 1970ರ ದಶಕದಲ್ಲೇ ದಾರಿ ತೋರಿಸಿದವರಲ್ಲಿ ಗ್ಯಾರಿ ಕಿಲ್ಡಾಲ್ ಒಬ್ಬರು.

ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಮಾಂಟೆರೆಯ ನೌಕಾಪಡೆ ಕಾಲೇಜಿನಲ್ಲಿ ಪಾಠ ಮಾಡ್ತಾ ಇಂಟೆಲ್ ಚಿಪ್‌ಗಳ ಹಿಂದೆ ಬಿದ್ದರು. ಆ ಚಿಪ್‌ಗಳಿಗಾಗಿ ಪಿಎಲ್/ಎಂ ಎಂಬ ಭಾಷೆ ಮಾಡಿದರು. 1974ರಲ್ಲಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು.

ಆಗ ಒಂದೊಂದು ಕಂಪನಿಯ ಮಷಿನ್‌ಗೂ ಡಿಸ್ಕ್ ಕಂಟ್ರೋಲರ್ ಬೇರೆ. ಇಮ್ಸಾಯ್ ಮಷಿನ್‌ಗೆ ಹೊಂದಿಸುವಾಗ ಕಿಲ್ಡಾಲ್ ಹಾರ್ಡ್‌ವೇರ್ ಮುಟ್ಟುವ ಕೋಡನ್ನೆಲ್ಲ ಬೇರೆ ಮಾಡಿ ಬಯಾಸ್ ಅಂತ ಕರೆದರು. ಕೀ ಓದು, ಅಕ್ಷರ ತೋರಿಸು, ಸೆಕ್ಟರ್ ಬರೆ, ಇಂಥ ಕೆಲವೇ ಕೆಲಸ ಅದಕ್ಕೆ. ಚಿಪ್ 8080 ಜಾತಿಯದ್ದಾಗಿದ್ರೆ ಸಾಕು, ಹೊಸ ಮಷಿನ್‌ಗೆ ಬಯಾಸ್ ಮಾತ್ರ ಬರೆಯಬೇಕು, ಉಳಿದದ್ದು ಇದ್ದಂಗೇ. ನಮ್ಮ ಶಿರೋಳದಲ್ಲಿ ಟ್ರ್ಯಾಕ್ಟರ್ ಯಾರದೇ ಇರಲಿ, ಹಿಂದೆ ಅದೇ ರಂಟಿ ಕಟ್ತಾರಲ್ಲ, ಹಂಗೆ.

1981ರಲ್ಲಿ ಐಬಿಎಂ ಪಿಸಿ ಮೈಕ್ರೋಸಾಫ್ಟ್‌ನ ಡಾಸ್ ಜೊತೆ ಬಂತು, ಮಾರುಕಟ್ಟೆ ಅವರ ಕೈತಪ್ಪಿತು. 1994ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡರು.

ಇವತ್ತು ನಾವು ಹ್ಯಾಲ್ ಅನ್ನೋ ಪದರದ ಹಿಂದಿರೋದೂ ಇದೇ ವಿಚಾರ. ಮುಂದಿನ ಪ್ರಾಜೆಕ್ಟ್‌ನಲ್ಲಿ ರಿಜಿಸ್ಟರ್ ಮುಟ್ಟುವ ಸಾಲುಗಳನ್ನ ಒಂದೇ ಫೈಲ್‌ನಲ್ಲಿ ಇಡಿ. ಚಿಪ್ ಬದಲಾದಾಗ ತಿದ್ದೋದು ಆ ಫೈಲಷ್ಟೇ.